ಕೋಡಿ ನೀರಿನ ಹಿಂದೆ ಎರಡು ಬೈಕು

ಚಿಕ್ಕಮಗಳೂರಿನಿಂದ ಕಡೂರಿಗೆ ಸುಮಾರು ನಲವತ್ತು ಕಿಲೋಮೀಟರ್. ಹೊರಡುವಾಗ ಸಿಲ್ವರ್ ಓಕ್ ಮರಗಳ ನೆರಳು, ಕಾಫಿ ತೋಟದ ತಂಪು, ಬೆನ್ನ ಹಿಂದೆ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ. ಅರ್ಧ ದಾರಿಗೆ ಬರುವಷ್ಟರಲ್ಲಿ ಕಾಫಿ ಮುಗಿದಿರುತ್ತದೆ. ರಾಗಿ ಹೊಲ, ತೆಂಗಿನ ತೋಟ, ಅಲ್ಲಲ್ಲಿ ಅಡಿಕೆ, ಆಮೇಲೆ ಬರೀ ಜಾಲಿ. ಬಾಬಾಬುಡನ್‌ಗಿರಿಯ ಸಾಲು ಮುಂಗಾರಿನ ಮೋಡಗಳನ್ನು ಪಡುವಣದಲ್ಲೇ ಹಿಂಡಿಕೊಂಡು ಮೂಡಲಿಗೆ ಗಾಳಿಯನ್ನಷ್ಟೇ ಬಿಡುತ್ತದೆ. ಒಂದೇ ಜಿಲ್ಲೆಯ ಒಂದು ಕಡೆ ಛತ್ರಿ ಮಡಚಲು ಬಿಡದ ಮಳೆ, ಇನ್ನೊಂದು ಕಡೆ ಮೋಡ ನೋಡುತ್ತ ಕೂರುವ ಕಡೂರು ತಾಲ್ಲೂಕು. ಈ ಎರಡರ ನಡುವಿನ ಸೆರಗಿನಲ್ಲಿ ನಮ್ಮ ಹಿರಿಯರು ಕೆರೆ ಕಟ್ಟಿದರು. ಬೆಟ್ಟದ ಮೇಲೆ ಬಿದ್ದ ಮಳೆ ಬಯಲಿಗಿಳಿದು ಓಡಿಹೋಗುವ ಮುನ್ನ ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದರು. ಅದು ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನ ಕೆರೆಗೆ.

ಕರ್ನಾಟಕದಲ್ಲಿ ಇಂಥ ಕೆರೆಗಳು ಮೂವತ್ತಾರು ಸಾವಿರಕ್ಕೂ ಹೆಚ್ಚಿವೆ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲೇ ಒಂದು ಮಾತು ಬರೆದಿಟ್ಟಿದ್ದಾರೆ: ಈ ಸೀಮೆಯಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕುವುದಕ್ಕೂ ಜಾಣತನ ಬೇಕು, ಅಷ್ಟರಮಟ್ಟಿಗೆ ಎಲ್ಲ ಕಡೆಯೂ ಕಟ್ಟಿಬಿಟ್ಟಿದ್ದಾರೆ ಎಂಬುದು ಅದರ ತಾತ್ಪರ್ಯ. ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಬಂದಿರುವುದು ಅವರಿಂದಲೇ. ಸರೋವರಗಳ ನಾಡು ಅಂದರೆ ಕಾಶ್ಮೀರ, ನೈನಿತಾಲ್ ಅಥವಾ ಇಂಗ್ಲೆಂಡಿನ ಗುಡ್ಡಗಾಡು ಎಂದು ನಮ್ಮ ತಲೆಯಲ್ಲಿ ಕೂತಿದೆ. ಅಲ್ಲಿಯ ಸರೋವರಗಳನ್ನು ಪ್ರಕೃತಿ ಮಾಡಿತು. ಇಲ್ಲಿಯವನ್ನು ಮನುಷ್ಯರು ಮಾಡಿದರು, ಸಾವಿರ ವರ್ಷ ಕಾಪಾಡಿದರು. ಬೈಕು ಮತ್ತು ಕ್ಯಾಮೆರಾ ಇರುವ ಯಾರಾದರೂ ರಜೆಯಲ್ಲಿ ಎಲ್ಲಿಗೆ ಹೋಗಲಿ ಎಂದು ನನ್ನನ್ನು ಕೇಳಿದರೆ, ಬಾಬಾಬುಡನ್‌ಗಿರಿಯ ಬುಡದಿಂದ ಹಿರಿಯೂರಿನವರೆಗೆ ನೀರಿನ ಜೊತೆಗೆ ಇಳಿಯಿರಿ ಎನ್ನುತ್ತೇನೆ.

ಮಳೆಗಾಲ ಮುಗಿದು ದೀಪಾವಳಿ ಇನ್ನೂ ಬಾರದ ದಿನಗಳಲ್ಲಿ ನಾನೂ ನನ್ನ ಗೆಳೆಯನೂ ಹಾಗೆ ಇಳಿದೆವು. ಅವನು ಚಿಕ್ಕಮಗಳೂರಿನವನು. ಅವನ ಬೈಕು ಅಪ್ಪನ ಕಾಲದ ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಮುಚ್ಚಿತು. ಆ ಗಾಡಿಗಳು ಹಳೇ ಮೈಸೂರು ಸೀಮೆಯಲ್ಲಿ ಇನ್ನೂ ಓಡುತ್ತಿರುವುದು ಇಟ್ಟುಕೊಂಡವರ ಪ್ರೀತಿಯ ಬಲದಿಂದ. ಕಿಕ್ ಹೊಡೆದು ಸ್ಟಾರ್ಟ್ ಮಾಡಿದ ಪೆಡಲ್ಲನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್ ಆಗುತ್ತದೆ. ಟೂ ಸ್ಟ್ರೋಕ್ ಎಂಜಿನ್ನಾದ್ದರಿಂದ ಪೆಟ್ರೋಲ್ ಹಾಕಿಸುವಾಗಲೆಲ್ಲ ಟ್ಯಾಂಕಿಗೆ ಆಯಿಲ್ ಅಳೆದು ಸುರಿಯಬೇಕು. ಗೆಳೆಯ ಅದಕ್ಕೆಂದೇ ಕೆಮ್ಮಿನ ಔಷಧಿಯ ಸಣ್ಣ ಅಳತೆ ಲೋಟ ಇಟ್ಟುಕೊಂಡಿದ್ದಾನೆ. ಬಂಕಿನ ಹುಡುಗರು ಪೈಪು ಹಿಡಿದುಕೊಂಡೇ ನಿಂತು ನೋಡುತ್ತಾರೆ. ನನ್ನದು ಬುಲೆಟ್. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ಹೋದಲ್ಲಿಗೆ ಬಂತು, ಅಷ್ಟೆ.

ಬೈಕಿನಲ್ಲಿ ಕ್ಯಾಮೆರಾ ಒಯ್ಯುವವರಿಗೆ ಒಂದು ಮಾತು. ಹಿಂದಿನ ಕ್ಯಾರಿಯರ್ ಪೆಟ್ಟಿಗೆಯಲ್ಲಿ ಇಡಬೇಡಿ. ಬೈಕಿನ ಅದುರಾಟ ನೇರ ಲೆನ್ಸಿಗೆ ಹೋಗುತ್ತದೆ, ದಿನವಿಡೀ ಓಡಿಸಿದರೆ ಒಳಗಿನ ಸಣ್ಣ ತಿರುಪುಗಳು ಸಡಿಲವಾಗುತ್ತವೆ. ಮೈಗೆ ಅಂಟಿಕೊಂಡ ಚೀಲದಲ್ಲಿದ್ದರೆ ಆ ಹೊಡೆತವನ್ನು ನಮ್ಮ ಮೈ ತಿನ್ನುತ್ತದೆ, ಲೆನ್ಸು ಉಳಿಯುತ್ತದೆ. ಗೆಳೆಯನ ಉದ್ದ ಲೆನ್ಸು ಹಳೇ ಉಣ್ಣೆ ಶಾಲಿನಲ್ಲಿ ಸುತ್ತಿಕೊಂಡು ಅವನ ಬೆನ್ನ ಮೇಲೇ ಕೂತು ಬಂತು. ಅವನಿಗೆ ಹಕ್ಕಿಗಳ ಹುಚ್ಚು. ಪೂರ್ಣಚಂದ್ರ ತೇಜಸ್ವಿ ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕೂತು ತೆಗೆದ ಹಕ್ಕಿಗಳ ಚಿತ್ರಗಳನ್ನು ಹುಡುಗನಾಗಿದ್ದಾಗ ನೋಡಿದ ಮೇಲೆ ಹತ್ತಿದ ಹುಚ್ಚು ಅದು. ನನಗೆ ನೆಲ, ಕಲ್ಲು, ಮನುಷ್ಯರು. ಹಾಗಾಗಿ ಒಂದೇ ಏರಿಯ ಮೇಲೆ ನಿಂತರೂ ನಾವಿಬ್ಬರು ನೋಡುತ್ತಿದ್ದುದು ಬೇರೆ ಬೇರೆ ದಿಕ್ಕಿಗೆ.

ಮೊದಲು ಅಯ್ಯನಕೆರೆ. ಚಿಕ್ಕಮಗಳೂರಿನಿಂದ ಕಡೂರು ರಸ್ತೆಯಲ್ಲಿ ಬಂದು ಸಖರಾಯಪಟ್ಟಣದ ಬಳಿ ತಿರುಗಬೇಕು. ಬೆಳಕು ಹರಿಯುವ ಮುನ್ನ ತಲುಪಿದರೆ ಒಳ್ಳೆಯದು. ಏರಿಗೆ ಅರ್ಧ ಕಿಲೋಮೀಟರ್ ಇರುವಾಗಲೇ ಗೆಳೆಯ ಎಂಜಿನ್ ಆಫ್ ಮಾಡಿದ. ಯೆಜ್ಡಿಯ ಜೋಡಿ ಸೈಲೆನ್ಸರಿನ ಸದ್ದಿಗೆ ಹಕ್ಕಿಗಳು ಇಡೀ ಕೆರೆ ಬಿಟ್ಟೆದ್ದು ಹೋಗುತ್ತವೆ ಎಂದು ಅವನಿಗೆ ಗೊತ್ತು. ಬೈಕುಗಳನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿ ನಡೆದೆವು. ಏರಿ ಹತ್ತಿದ ಮೇಲೆ ಎದುರಿಗೆ ಶಕುನಗಿರಿ, ನೀರಿನಂಚಿನಿಂದಲೇ ಮೊನಚಾಗಿ ಎದ್ದ ಗುಡ್ಡ. ನೀರ ಮೇಲೆ ಮೊಣಕಾಲೆತ್ತರದ ಮಂಜು. ಮಂಜಿನೊಳಗಿಂದ ನೀರುಕಾಗೆಗಳು ಒಂದೊಂದಾಗಿ ಹೊರಬಂದು ಒಣ ಕೊಂಬೆಯ ಮೇಲೆ ರೆಕ್ಕೆ ಬಿಚ್ಚಿ ಕೂತವು. ಸೂರ್ಯ ಬರುವವರೆಗೂ ಅವು ಹಾಗೇ ಇರುತ್ತವೆ, ರೆಕ್ಕೆ ಒಣಗಬೇಕಲ್ಲ. ಗೆಳೆಯ ಹೊಟ್ಟೆ ಮೇಲೆ ಮಲಗಿಬಿಟ್ಟ. ನೀರಿನ ಹಕ್ಕಿಯನ್ನು ನಿಂತು ತೆಗೆದರೆ ಅದು ನೀರಿಗೆ ಅಂಟಿಸಿದ ಚೀಟಿ, ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಜೀವ ಬರುತ್ತದೆ ಎಂಬುದು ಅವನ ನಂಬಿಕೆ. ಬೆಳ್ಳಕ್ಕಿ ಬಂದಾಗ ಎಕ್ಸ್‌ಪೋಷರ್ ಒಂದು ಹೆಜ್ಜೆ ಇಳಿಸುತ್ತಾನೆ, ಇಲ್ಲದಿದ್ದರೆ ಬಿಳಿಯ ರೆಕ್ಕೆಯ ಗರಿಗಳೆಲ್ಲ ಸುಟ್ಟು ಒಂದೇ ಬಿಳಿಯಾಗುತ್ತವೆ.

ನಾನು ಗುಡ್ಡವನ್ನೂ ಅದರ ನೆರಳನ್ನೂ ತೆಗೆಯುತ್ತ ಇದ್ದೆ. ಅಯ್ಯನಕೆರೆಗೆ ಬಂದವರೆಲ್ಲ ತೆಗೆಯುವ ಚಿತ್ರವೇ ಅದು. ಆಗ ಏರಿಯ ಮೇಲೆ ಟವೆಲ್ ಹೊದ್ದುಕೊಂಡು ಹಿರಿಯರೊಬ್ಬರು ಬಂದರು. ಕೈಯಲ್ಲಿ ಕೋಲು, ಕಾಲಲ್ಲಿ ಟೈರಿನ ಚಪ್ಪಲಿ. ಹಿಂದೆ ನೀರುಗಂಟಿ ಕೆಲಸ ಮಾಡಿದವರಂತೆ. ಈಗ ಮಗ ನೋಡಿಕೊಳ್ಳುತ್ತಾನೆ, ಆದರೂ ಬೆಳಿಗ್ಗೆ ಒಂದು ಸುತ್ತು ಬರದಿದ್ದರೆ ಆಗುವುದಿಲ್ಲ ಎಂದರು.

'ಎಲ್ಲಿಂದ ಬಂದ್ರಿ ಸ್ವಾಮಿ?'

'ನಾನು ಬೆಂಗ್ಳೂರು, ಅಜ್ಜ. ಇವನು ಇಲ್ಲೇ ಚಿಕ್ಕಮಗಳೂರು.'

ಕ್ಯಾಮೆರಾದ ಹಿಂಬದಿಯ ಪರದೆ ತೋರಿಸಿದೆ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

'ಚೆನ್ನಾಗೈತೆ. ಆದ್ರೆ ನೀರೆಷ್ಟೈತೆ ಅಂತ ಇದ್ರಾಗೆ ಗೊತ್ತಾಗಕಿಲ್ಲ. ಅಗೋ, ಆ ತೂಬಿನ ಕಂಬ ಸೇರಿಸ್ಕಂಡು ತೆಗೀರಿ. ಎಷ್ಟು ಕಲ್ಲು ಮುಳುಗೈತೆ, ಎಷ್ಟು ಮ್ಯಾಲೈತೆ ಅಂತ ನೋಡ್ದೋರ್ಗೆ ತಿಳೀಬೇಕು.'

ಆಮೇಲೆ ನಾನು ತೆಗೆದ ಚಿತ್ರಗಳನ್ನೆಲ್ಲ ಈ ಮಾತು ಬದಲಿಸಿತು. ಅವರು ಕೇಳಿದ್ದು ಸರಿಯಾದದ್ದೇ. ಗುಡ್ಡದ ನೆರಳು ಬಿದ್ದ ನೀರಿನ ಚಿತ್ರ ಯಾವ ಕೆರೆಯದೂ ಆಗಬಹುದು, ಯಾವ ವರ್ಷದ್ದೂ ಆಗಬಹುದು. ತೂಬಿನ ಎರಡು ಕಲ್ಲುಗಂಬ ಚಿತ್ರದಲ್ಲಿ ಬಂದ ಕೂಡಲೇ ಅದು ಈ ಕೆರೆ, ಈ ವರ್ಷ, ಇಷ್ಟು ನೀರು. ಕೆರೆ ನಂಬಿದವರು ಕೆರೆಯನ್ನು ನೋಡುವ ಬಗೆಯೇ ಅದು. ಅವರ ಕಣ್ಣು ಮೊದಲು ಹೋಗುವುದು ನೀರಿನ ಮಟ್ಟಕ್ಕೆ, ಚಂದ ಆಮೇಲೆ.

ತೂಬಿನ ಹತ್ತಿರ ಇಳಿದು ನೋಡಿದೆ. ಒರಟು ಕಗ್ಗಲ್ಲಿನ ಎರಡು ಕಂಬ, ನಡುವೆ ಅಡ್ಡಕ್ಕೆ ತೂತಿರುವ ಕಲ್ಲು ಹಲಗೆಗಳು. ತೂತಿನ ಒಳಮೈ ನುಣುಪಾಗಿ ಸವೆದಿದೆ. ಅದರೊಳಗೆ ಕಂಬಿ ಇಳಿಸಿ ಎತ್ತಿ ತಲೆತಲೆಮಾರು ನೀರು ಬಿಟ್ಟ ಗುರುತು ಅದು. ಕಂಬದ ಮೈಮೇಲೆ ಒಣಗಿದ ಪಾಚಿಯ ಗೆರೆಗಳು, ಒಂದರ ಮೇಲೊಂದು. ಅತಿ ಮೇಲಿನದು ಬಿಳಿಚಿ ಹೋಗಿದೆ, ಕೆಳಗಿನದು ಇನ್ನೂ ಹಸಿರು. ಈಗಿನ ನೀರಿನಿಂದ ಒಂದು ಗೇಣು ಮೇಲೆ ಕುಂಕುಮದ ಒಂದು ಬೊಟ್ಟು, ಯಾರೋ ಗಂಗಾಪೂಜೆ ಮಾಡಿ ಹೋಗಿದ್ದಾರೆ. ಬಿಸಿಲು ಏರುವವರೆಗೂ ನಾನು ಆ ಕಂಬಗಳನ್ನು ಬಿಟ್ಟು ಕದಲಲಿಲ್ಲ.

ಅಯ್ಯನಕೆರೆಯನ್ನು ಕಟ್ಟಿಸಿದವನು ರುಕ್ಮಾಂಗದ ರಾಯ ಎಂದು ಜನ ಹೇಳುತ್ತಾರೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರವಾಯಿತು. ಸಖರಾಯಪಟ್ಟಣದ ಕಡೆ ಹೊನ್ನಬಿಲ್ಲನ ಕಥೆಯನ್ನು ಈಗಲೂ ಹೇಳುತ್ತಾರೆ. ಅವನು ಕೆರೆ ಕಾಯುವವನು. ಒಂದು ರಾತ್ರಿ ಗಂಗಮ್ಮ ಕಾಣಿಸಿಕೊಂಡು, ನಾನಿನ್ನು ಏರಿ ಒಡೆದು ಹೊರಡುತ್ತೇನೆ ಎಂದಳಂತೆ. ದೊರೆಗೆ ಸುದ್ದಿ ಮುಟ್ಟಿಸಿ ಬರುವವರೆಗೆ ಇರು ತಾಯಿ ಎಂದು ಅವನು ಮಾತು ತೆಗೆದುಕೊಂಡ. ಅವನು ಹಿಂದಿರುಗಿದರೆ ತಾನೇ ಗಂಗೆ ಹೊರಡುವುದು? ಅವನು ಹಿಂದಿರುಗಲಿಲ್ಲ, ಹಿಂದಿರುಗದ ಹಾಗೆ ಮಾಡಲಾಯಿತು. ಬೇರೆ ಬೇರೆ ರೂಪದಲ್ಲಿ ಈ ಕಥೆ ನಮ್ಮ ಬೇರೆ ಕೆರೆಗಳಿಗೂ ಇದೆ. ಕೆರೆಗೆ ಹಾರವಾದ ಸೊಸೆಯ ಕಥೆ ಗೊತ್ತಿಲ್ಲದ ಕನ್ನಡಿಗರಿಲ್ಲ. ಕೆರೆ ಉಳಿಯುವುದಕ್ಕೆ ಯಾರೋ ಬಡವರು, ಯಾರೋ ಹೆಣ್ಣುಮಗಳು ಜೀವ ತೆತ್ತಿದ್ದಾರೆ ಎಂಬ ನೆನಪು ಈ ಕಥೆಗಳ ಒಳಗಿದೆ. ದೊರೆಯ ಹೆಸರಿನ ಜೊತೆಗೆ ಕಾವಲುಗಾರನ ಹೆಸರನ್ನೂ ಊರು ಮರೆಯದೆ ಇಟ್ಟುಕೊಂಡಿದೆ ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ.

ಕಥೆ ಮಾತ್ರವಲ್ಲ, ಲೆಕ್ಕವೂ ಇತ್ತು. ಕೆರೆ ಕಟ್ಟಿಸಿದ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯ ಕೆಳಗಿನ ಗದ್ದೆಯಲ್ಲಿ ಇಂತಿಷ್ಟು ಭಾಗ ಕೆರೆ ನೋಡಿಕೊಳ್ಳುವವರಿಗೆ, ಅದರ ಉತ್ಪತ್ತಿಯಿಂದ ಏರಿ ರಿಪೇರಿ, ಹೂಳೆತ್ತುವ ಬಂಡಿಯ ಖರ್ಚು. ಕೆರೆ ತಾನು ಬೆಳೆಸಿದ ಬತ್ತದಿಂದಲೇ ತನ್ನ ಏರಿಯನ್ನು ಕಾಪಾಡಿಕೊಳ್ಳುತ್ತಿತ್ತು. ಆ ಏರ್ಪಾಡು ಹೋಗಿ ಕೆರೆ ಇಲಾಖೆಯ ಕೈಗೆ ಬಂದಾಗ ಊರಿಗೂ ಕೆರೆಗೂ ನಡುವಿನ ದಿನನಿತ್ಯದ ಹೊಣೆ ತಪ್ಪಿತು. ನಮ್ಮ ಕೆರೆಗಳಲ್ಲಿ ಹೂಳು ತುಂಬಲು ನನಗೆ ತೋರುವ ಮೊದಲ ಕಾರಣ ಇದು. ಮಳೆ ಕಡಿಮೆಯಾದದ್ದು ಆಮೇಲಿನ ಮಾತು.

ಅಯ್ಯನಕೆರೆಯಿಂದ ಹೊರಟ ನೀರು ವೇದಾ. ಪಕ್ಕದ ಇನ್ನೊಂದು ಕಣಿವೆಯಲ್ಲಿ, ಎಮ್ಮೆದೊಡ್ಡಿಯ ಕಡೆ, ಮದಗದ ಕೆರೆಯಿಂದ ಹೊರಟದ್ದು ಅವತಿ. ಎರಡೂ ಕಡೂರಿನ ಹತ್ತಿರ ಕೂಡಿ ವೇದಾವತಿ ಆಗುತ್ತವೆ. ಹಾಗಾಗಿ ಎರಡನೆಯ ಕೆರೆ ನಮಗೆ ಮದಗದ ಕೆರೆಯೇ. ದಾರಿಯುದ್ದಕ್ಕೂ ಬೈಕಿನ ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಕಾಲುವೆ ಹಾಯುತ್ತಿತ್ತು. ಕಾರಿನಲ್ಲಿ ಗಾಜು ಏರಿಸಿಕೊಂಡು ಹೋಗುವವರಿಗೆ ಈ ಸುಖವಿಲ್ಲ. ಅಚ್ಚುಕಟ್ಟಿನ ಒಳಗೆ ಹೊಕ್ಕ ಕೂಡಲೇ ಮುಖಕ್ಕೆ ತಣ್ಣನೆಯ ಗಾಳಿ, ಹಸಿ ಕೆಸರಿನ ವಾಸನೆ. ಅಚ್ಚುಕಟ್ಟು ಮುಗಿದ ಕೂಡಲೇ ಬಿಸಿ. ಕಣ್ಣು ಮುಚ್ಚಿ ಹಿಂದಿನ ಸೀಟಿನಲ್ಲಿ ಕೂತರೂ ಕೆರೆಯ ನೀರು ಎಲ್ಲಿಯವರೆಗೆ ಹೋಗುತ್ತದೆ ಎಂದು ಹೇಳಬಹುದು.

ಮದಗದ ಕೆರೆಯ ದಂಡೆಯಲ್ಲಿ ಕೆಂಚಮ್ಮನ ಗುಡಿ. ಈ ಕೆರೆಗೆ ಮಳೆ ಬಂದ ಬಗೆಯನ್ನು ಹಾಡುವ ಜನಪದ ಗೀತೆ ಶಾಲೆಯ ಮಕ್ಕಳಿಗೂ ಬರುತ್ತದೆ. ಹಾವೇರಿ ಕಡೆ ಮಾಸೂರಿನ ಮದಗದ ಕೆರೆಯವರು ಅದು ತಮ್ಮ ಹಾಡು ಎನ್ನುತ್ತಾರೆ. ಕಡೂರಿನವರು ತಮ್ಮದು ಎನ್ನುತ್ತಾರೆ. ಎರಡೂ ಕೆರೆಗೆ ಸಲ್ಲಲಿ, ಹಾಡಿನಿಂದ ಯಾವ ಕೆರೆಗೂ ನಷ್ಟವಿಲ್ಲ.

ಇಲ್ಲಿ ಮಧ್ಯಾಹ್ನದ ಬೆಳಕು, ಚಿತ್ರ ತೆಗೆಯಲು ಕೆಟ್ಟ ಹೊತ್ತು. ನೀರು ಪೂರಾ ಬೆಳ್ಳಗೆ ಹೊಳೆಯುತ್ತದೆ, ನೆರಳುಗಳು ಕಾಲ ಕೆಳಗೇ ಮುದುಡಿಕೊಳ್ಳುತ್ತವೆ. ಪೋಲರೈಸರ್ ಫಿಲ್ಟರ್ ತಿರುಗಿಸಿ ಹೊಳಪು ಇಳಿಸಿದರೆ ದಡದ ಹತ್ತಿರ ನೀರಿನೊಳಗಿನ ನೆಲ ಕಾಣುತ್ತದೆ. ಹಾಗೆ ತಿರುಗಿಸಿದಾಗ ನನಗೆ ಕಂಡದ್ದು ನೀರಡಿಯ ಹಳೇ ಕಟ್ಟೆಯ ಸಾಲುಗಲ್ಲು. ಯೆಜ್ಡಿ ಅಷ್ಟರಲ್ಲಿ ಮುನಿಸಿಕೊಂಡಿತ್ತು. ಗೆಳೆಯ ಪ್ಲಗ್ ಬಿಚ್ಚಿ, ಕರಿ ಹಿಡಿದ ತುದಿಯನ್ನು ಉಪ್ಪು ಕಾಗದದಿಂದ ಉಜ್ಜುತ್ತ ಕೂತ. ಆ ಹೊತ್ತಿಗೆ ಒಬ್ಬ ಮೀನುಗಾರ ಥರ್ಮೋಕೋಲ್ ಹಲಗೆಗಳನ್ನು ಕಟ್ಟಿ ಮಾಡಿಕೊಂಡ ತೆಪ್ಪದ ಮೇಲೆ ಬಂದ. ಕೈಗಳೇ ಹುಟ್ಟು. ಬಲೆಯಲ್ಲಿ ಒಂದು ಕಟ್ಲಾ, ಉಳಿದದ್ದೆಲ್ಲ ಜಿಲೇಬಿ ಮೀನು.

'ಕಟ್ಲಾ ಮರಿ ಬಿಡ್ತಾರೆ, ಜಿಲೇಬಿ ಬೆಳೀತದೆ' ಎಂದ. 'ಆಳ ಇದ್ರೆ ಕಟ್ಲಾ ಸಾರ್. ಹೂಳಿದ್ರೆ ಜಿಲೇಬಿ.'

ಕೆರೆಯ ಆಳವನ್ನು ಅವನು ಬಲೆಗೆ ಬಿದ್ದ ಮೀನಿನ ಜಾತಿಯಿಂದ ಹೇಳಿದ. ತೆಪ್ಪದ ಮೇಲೆ ಅವನು ಮೀನು ಬೇರೆ ಮಾಡುತ್ತಿದ್ದ ಚಿತ್ರ ನನ್ನ ಬಳಿ ಇದೆ. ಎಡಕ್ಕೆ ಒಂದೇ ಒಂದು ದೊಡ್ಡ ಮೀನು, ಬಲಕ್ಕೆ ಸಣ್ಣವುಗಳ ರಾಶಿ. ಬೆಳಕು ಕೆಟ್ಟದ್ದೇ. ಆದರೂ ಇಡೀ ತಿರುಗಾಟದಲ್ಲಿ ನನಗೆ ಅತಿ ಇಷ್ಟವಾದ ಚಿತ್ರಗಳಲ್ಲಿ ಅದೊಂದು.

ಬೀರೂರಿನ ಆಚೆ ಅಮೃತಮಹಲ್ ಕಾವಲುಗಳು ಶುರುವಾಗುತ್ತವೆ. ಹುಲ್ಲುಗಾವಲು, ಆಕಾಶ, ಎರಡೇ. ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳಿವೆ, ರಸ್ತೆಯಿಂದಲೇ ಕಾಣಸಿಕ್ಕವು. ಗೆಳೆಯ ಬೈಕಿನ ಸೀಟಿನ ಮೇಲೆ ಲೆನ್ಸು ಊರಿ ಒಂದಷ್ಟು ತೆಗೆದ. ಒಳಗೆ ಬೈಕು ನುಗ್ಗಿಸಬಾರದು. ಹಿಂಡು ಓಡಿದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂದು ಅಟ್ಟಿಸಿಕೊಂಡು ಹೋಗುವವರನ್ನು ನೋಡಿದ್ದೇನೆ. ಅಂಥ ಚಿತ್ರವನ್ನು ಯಾವ ಪತ್ರಿಕೆಯೂ ಹಾಕಿಕೊಳ್ಳಬಾರದು.

ಅಜ್ಜಂಪುರದ ಬಳಿ ನೀರಿನ ಕಥೆ ಬೇರೆ ತಿರುವು ಪಡೆಯುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಇರುವುದು ಇಲ್ಲೇ, ಸುಮಾರು ಏಳು ಕಿಲೋಮೀಟರ್ ಉದ್ದ. ಪಡುವಣದ ಭದ್ರೆಯ ನೀರನ್ನು ಪಂಪು ಮಾಡಿ ಮೇಲೆತ್ತಿ, ಗುಡ್ಡದ ಹೊಟ್ಟೆಯೊಳಗಿಂದ ಈಚೆಗೆ ತಂದು, ವೇದಾವತಿಯ ಸೀಮೆಗೆ ಬಿಡುತ್ತಾರೆ. ಹಿರಿಯರು ಇಳಿಜಾರು ನೋಡಿ ನೀರು ಹರಿಸಿದರು. ನಾವು ಕರೆಂಟು ಸುರಿದು ಇಳಿಜಾರಿನ ವಿರುದ್ಧ ಹರಿಸುತ್ತಿದ್ದೇವೆ. ಬರದ ತಾಲ್ಲೂಕುಗಳಿಗೆ ಈ ನೀರು ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ದೂರದ ನದಿಯ ನೀರು ಬಂತೆಂದು ಬಳಿಯ ಕೆರೆಯ ಕಾಲುವೆ ಮುಚ್ಚಿದರೆ ಮಾತ್ರ ಇದರಷ್ಟು ನಷ್ಟ ಬೇರೆಯಿಲ್ಲ.

ಇಲ್ಲಿಂದ ನಾವು ವೇದಾವತಿಯನ್ನು ಬಿಟ್ಟು ಚನ್ನಗಿರಿ ಕಡೆ ತಿರುಗಿದೆವು. ಈ ದಾರಿಯಲ್ಲಿ ಬಂದು ಸೂಳೆಕೆರೆ ನೋಡದೆ ಹೋಗುವುದು ಸಾಧ್ಯವಿಲ್ಲ. ಈಗಿನ ಕಾಗದಪತ್ರದ ಹೆಸರು ಶಾಂತಿಸಾಗರ. ಸುತ್ತಳತೆ ಸುಮಾರು 30 ಮೈಲಿ. ಇಷ್ಟು ನೀರನ್ನು ಹಿಡಿದಿಟ್ಟಿರುವ ಏರಿ ಎಷ್ಟು ಉದ್ದವಿರಬೇಕು ಎಂದುಕೊಂಡು ಹೋದವರಿಗೆ ಅಚ್ಚರಿ ಕಾದಿರುತ್ತದೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಯಲ್ಲಿ ಸಾವಿರ ಅಡಿಯೂ ಇಲ್ಲದ ಏರಿ. ಜಾಗ ಆರಿಸಿದವರ ಕಣ್ಣಿಗೆ ಕೈಮುಗಿಯಬೇಕು. ಎರಡು ತೂಬುಗಳಿಗೆ ಸಿದ್ದ, ಬಸವ ಎಂದು ಹೆಸರು. ಅವುಗಳಿಂದ ಹೊರಟ ಹರಿದ್ರಾ ಹರಿಹರದ ಕಡೆ ಹೋಗಿ ತುಂಗಭದ್ರೆ ಸೇರುತ್ತದೆ.

ಕೆರೆಯ ಹುಟ್ಟಿನ ಕಥೆ ಹೀಗಿದೆ: ದೊರೆಯ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ನೀರು ನಿಲ್ಲುವ ಜಾಗದಲ್ಲಿ ಸೂಳೆಯರ ಕೇರಿಯಿತ್ತು. ತಮ್ಮ ಮನೆಮಾರು ಮುಳುಗಲು ಅವರು ಒಪ್ಪಿದರು, ಕೆರೆಗೆ ತಮ್ಮ ಹೆಸರೇ ಇರಬೇಕೆಂಬ ಒಂದೇ ಷರತ್ತಿನ ಮೇಲೆ. ಕಥೆಯಲ್ಲಿ ಆಸ್ತಿ ಕಳೆದುಕೊಂಡವರು ಅವರು. ಕೆರೆಬಿಳಚಿ ಕಡೆಯ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತ ಕೂತಾಗ ಪಕ್ಕದ ಬೆಂಚಿನ ಹೆಂಗಸೊಬ್ಬರು, 'ಸೂಳೆಕೆರಿ ನೋಡಾಕ ಬಂದೀರೇನ್ರಿ?' ಎಂದು ಯಾವ ಅಳುಕೂ ಇಲ್ಲದೆ ಕೇಳಿದರು. ಆ ಹೆಸರನ್ನು ಮುಚ್ಚಿಡದ ಈ ಊರುಗಳ ಬಗ್ಗೆ ನನಗೆ ಗೌರವ ಹೆಚ್ಚಾಯಿತು.

ಈ ಕೆರೆ ನೀರುಣಿಸುವುದು ಗದ್ದೆ ತೋಟಗಳಿಗಷ್ಟೇ ಅಲ್ಲ. ಚಿತ್ರದುರ್ಗದ ನಲ್ಲಿಗಳಲ್ಲೂ ಇದರ ನೀರಿದೆ. ಆದರೂ ಸುತ್ತಲಿನ ದಡ ವರ್ಷ ವರ್ಷ ಒಳಕ್ಕೆ ಸರಿಯುತ್ತಿದೆ. ನೀರು ಇಳಿದಾಗ ಉತ್ತ ನೆಲ, ಮತ್ತೆ ನೀರು ಬಂದಾಗ ಬಿಟ್ಟುಕೊಡಲು ಮನಸ್ಸಿಲ್ಲದ ನೆಲವಾಗುತ್ತದೆ. ಅಳತೆ ಮಾಡಿಸಿ ಗಡಿ ಗುರುತಿಸಿ, ಹೂಳು ತೆಗೆಸಿ ಎಂದು ಸ್ಥಳೀಯರು ಬಹಳ ಕಾಲದಿಂದ ಹೋರಾಡುತ್ತಿದ್ದಾರೆ. ಏರಿಯ ಮೇಲೆ ಸಿಕ್ಕ ಯುವಕರ ಗುಂಪೊಂದು ನಮ್ಮ ಕ್ಯಾಮೆರಾ ನೋಡಿ ಕೇಳಿದ್ದು ಒಂದೇ: 'ನಿಮ್ಮ ಹತ್ರ ಹಳೇ ಫೋಟೋ ಇದಾವೇನ್ರಿ ಈ ಕೆರೀವು? ನೀರು ಎಲ್ಲೀತನಕ ನಿಂತಿತ್ತು ಅಂತ ತೋರ್ಸಾಕ.'

ನನ್ನ ಬಳಿ ಇರಲಿಲ್ಲ. ಇಂಥ ಚಿತ್ರ ಯಾರ ಬಳಿಯೂ ಸುಲಭವಾಗಿ ಸಿಗುವುದಿಲ್ಲ, ಏಕೆಂದರೆ ಕೆರೆಗೆ ಬಂದವರೆಲ್ಲ ತೆಗೆಯುವುದು ಸೂರ್ಯಾಸ್ತವನ್ನು, ಇಲ್ಲವೇ ಒಬ್ಬರನ್ನೊಬ್ಬರು. ಅಂದು ಸಂಜೆ ನಾನು ಗೆಳೆಯನಿಗೆ, 'ಲೋ ಮಾರಾಯ, ಇವತ್ತು ಹಕ್ಕಿ ಸಾಕು, ನಂಗೆ ಸ್ವಲ್ಪ ಸಹಾಯ ಮಾಡು' ಎಂದೆ. ಅವನು ಮರುಮಾತಾಡದೆ ಉದ್ದ ಲೆನ್ಸು ತಿರುಗಿಸಿದ. ಸಿದ್ದೇಶ್ವರನ ಗುಡಿಯ ಬಳಿಯ ಎತ್ತರದಿಂದ ದಡದುದ್ದಕ್ಕೂ ತುಂಡು ತುಂಡಾಗಿ ತೆಗೆದೆವು. ಪ್ರತಿ ಚಿತ್ರದಲ್ಲೂ ಕದಲದ ಒಂದು ಗುರುತು ಇರಬೇಕು ಎಂದು ನಿಯಮ ಮಾಡಿಕೊಂಡೆವು: ಬಂಡೆ, ಕರೆಂಟು ಕಂಬ, ಗುಡಿಯ ಶಿಖರ, ಹಳೇ ಆಲದ ಮರ. ದೂರದ ದಡದಲ್ಲಿ ಅಡಿಕೆ ತೋಟದ ಕೊನೆಯ ಸಾಲಿನ ಬುಡ ನೀರಿನಲ್ಲಿ ನಿಂತಿರುವುದು ಅವನ ಲೆನ್ಸಿನಲ್ಲಿ ಸ್ಪಷ್ಟವಾಗಿ ಬಂತು. ಹಕ್ಕಿಯ ಕಣ್ಣಿನ ಹೊಳಪು ಹಿಡಿಯಲು ಕೊಂಡ ಲೆನ್ಸು ಅದು. ಚಿತ್ರಗಳನ್ನೆಲ್ಲ ಆ ಯುವಕರಿಗೆ ಕಳಿಸಿದೆವು.

ಚನ್ನಗಿರಿಯಿಂದ ಹೊಳಲ್ಕೆರೆ, ಹೊಸದುರ್ಗ. ಗುಡ್ಡದ ನೆತ್ತಿಗಳ ಮೇಲೆ ಗಾಳಿಯಂತ್ರಗಳು. ಹೊಸದುರ್ಗ ದಾಟಿದ ಮೇಲೆ ವೇದಾವತಿ ಮತ್ತೆ ಜೊತೆಯಾಗುತ್ತದೆ, ಈ ಸಲ ವಾಣಿವಿಲಾಸ ಸಾಗರದ ಹಿನ್ನೀರಾಗಿ. ಮಾರಿಕಣಿವೆ ಎಂದರೇ ಇಲ್ಲಿಯ ಜನಕ್ಕೆ ಸರಿ, ಅಣೆಕಟ್ಟಿನ ಕೆಳಗೆ ಕಣಿವೆ ಮಾರಮ್ಮ ಇದ್ದಾಳೆ. ಕಟ್ಟಲು ಶುರು ಮಾಡಿದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಕನ್ನಂಬಾಡಿಗಿಂತ ಹಿಂದಿನದು. ನಾಲ್ವಡಿಯವರ ತಾಯಿ, ರಾಜಪ್ರತಿನಿಧಿಯಾಗಿ ಆಳಿದ ಕೆಂಪನಂಜಮ್ಮಣ್ಣಿಯವರ ವಾಣಿವಿಲಾಸ ಸನ್ನಿಧಾನ ಎಂಬ ಬಿರುದೇ ಇದಕ್ಕೆ ಹೆಸರಾಯಿತು. ಎರಡು ಗುಡ್ಡಗಳ ನಡುವೆ ಕಲ್ಲಿನ ಗೋಡೆ, 30 ಟಿಎಂಸಿ ನೀರು, ತುಂಬಿದಾಗ 130 ಅಡಿ.

ತುಂಬಿದಾಗ ಎಂಬ ಮಾತಿಗೆ ಈ ಅಣೆಕಟ್ಟಿನಷ್ಟು ಕಾದ ಅಣೆಕಟ್ಟು ಇನ್ನೊಂದು ಇರಲಾರದು. ಕಟ್ಟಿದ ಮೇಲೆ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ನಂತರ. ಮತ್ತೆ 2025ರ ಜನವರಿಯಲ್ಲಿ. ಹಿರಿಯೂರಿನಲ್ಲಿ ಹುಟ್ಟಿ, ಬೆಳೆದು, ಮುದುಕರಾಗಿ, ಮಾರಿಕಣಿವೆ ತುಂಬಿದ್ದನ್ನು ಕಣ್ಣಾರೆ ಕಾಣದೆಯೇ ತೀರಿಹೋದ ಜನ ಎಷ್ಟಿರಬೇಕು! ಇಲ್ಲಿಯವರು ಅಣೆಕಟ್ಟಿನ ಮಟ್ಟವನ್ನು ಅಡಿ ಲೆಕ್ಕದಲ್ಲಿ ಬಾಯಿಪಾಠ ಹೇಳುತ್ತಾರೆ. ಸ್ಥಳೀಯ ಪತ್ರಿಕೆಯಲ್ಲಿ ಮೊದಲು ಓದುವುದೂ ಅದನ್ನೇ. ಪಕ್ಕದ ಗುಡ್ಡ ಹತ್ತಿದವರು ಹಿನ್ನೀರಿನ ಹರವು ಭಾರತದ ನಕ್ಷೆಯಾಗಿ ಕಾಣುವ ಜಾಗದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ನಾವೂ ಹತ್ತಿದೆವು, ನೋಟ ನಿಜಕ್ಕೂ ದೊಡ್ಡದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆಳಗೆ, ಅಣೆಕಟ್ಟಿನ ಕಲ್ಲಿನ ಮೈ. ನೀರು ಏರಿಳಿದ ಗೆರೆಗಳು ಅದರ ಮೇಲೆ ಅಡ್ಡಡ್ಡಕ್ಕೆ ಮೂಡಿವೆ. ಸಂಜೆಯ ಓರೆ ಬಿಸಿಲು ಬಿದ್ದಾಗ ಒಂದೊಂದು ಗೆರೆಯೂ ಬೇರೆ ಬಣ್ಣ: ಮೇಲೆ ಸುಣ್ಣದ ಬಿಳಿ, ನಡುವೆ ತುಕ್ಕಿನ ಕೆಂಪು, ನೀರಿಗೆ ತಾಗಿದಲ್ಲಿ ಕಡುಗಪ್ಪು. ಅಯ್ಯನಕೆರೆಯ ಅಜ್ಜ ತೂಬಿನ ಕಂಬದಲ್ಲಿ ಓದಿದ್ದನ್ನು ಇಲ್ಲಿ ಇಡೀ ಗೋಡೆಯಲ್ಲಿ ಓದಬಹುದು.

ಅಣೆಕಟ್ಟಿನ ಕೆಳಗಿನ ಚಹಾ ಅಂಗಡಿಯ ಗೋಡೆಯಲ್ಲಿ ದೇವರ ಫೋಟೋಗಳ ಸಾಲಿನಲ್ಲೇ ಕಟ್ಟು ಹಾಕಿಸಿದ ಇನ್ನೊಂದು ಚಿತ್ರವಿತ್ತು. ಕೋಡಿಯ ಮೇಲೆ ನೊರೆಗಟ್ಟಿ ಬೀಳುವ ನೀರು, ಕೆಳಗೆ ಪೆನ್ನಿನಲ್ಲಿ 2022 ಎಂದು ಬರೆದದ್ದು. ಮೊಬೈಲಿನಲ್ಲಿ ತೆಗೆದದ್ದು, ಅರ್ಧ ಕದಲಿದೆ. ಅಂಗಡಿಯಾತ ಲೋಟ ತೊಳೆಯುತ್ತ ಹೇಳಿದ: 'ನಮ್ಮ ತಾತ ಮೂವತ್ಮೂರರ ಕೋಡಿ ನೋಡಿದ್ರಂತೆ ಸಾರ್. ಹೇಳ್ತಿದ್ರು, ನಾವು ನಂಬ್ತಿರ್ಲಿಲ್ಲ. ಆವಾಗಿಂದು ಒಂದು ಫೋಟೋ ಇದ್ದಿದ್ರೆ!' ಗೆಳೆಯ ಆ ಕಟ್ಟಿನ ಮುಂದೆ ಬಹಳ ಹೊತ್ತು ನಿಂತಿದ್ದ. ಅವನ ಕಾರ್ಡಿನಲ್ಲಿ ಮಿಂಚುಳ್ಳಿ ನೀರಿಗೆ ಬೀಳುವ ಕ್ಷಣದ ಚಿತ್ರವಿತ್ತು, ರೆಕ್ಕೆಯ ತುದಿಯಲ್ಲಿ ಹನಿ ಸಹಿತ. ನನ್ನ ಕೈ ಹಿಡಿದು, 'ಇದೇ ನೋಡು ಫೋಟೋ ಅಂದ್ರೆ' ಎಂದ ಅವನು ತೋರಿಸಿದ್ದು ಗೋಡೆಯ ಮೇಲಿನದನ್ನು.

ವೇದಾವತಿ ಇಲ್ಲಿಗೆ ನಿಲ್ಲುವುದಿಲ್ಲ. ಹಿರಿಯೂರು, ಚಳ್ಳಕೆರೆ ಹಾಯ್ದು, ಬಳ್ಳಾರಿಯ ಕಡೆ ಹಗರಿ ಎನ್ನಿಸಿಕೊಂಡು ತುಂಗಭದ್ರೆ ಸೇರುತ್ತದೆ. ಅದರ ಹಿಂದೆ ಹೋಗುವುದು ಇನ್ನೊಂದು ರಜೆಗೆ. ಅದಕ್ಕೆ ಮುಂಚೆ ಏಪ್ರಿಲ್ ಕೊನೆಯಲ್ಲಿ ಇದೇ ದಾರಿಯನ್ನು ಮತ್ತೆ ಹಿಡಿಯುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಹೂಳು ಎಷ್ಟಿದೆ, ಗಡಿ ಎಲ್ಲಿದೆ, ತೂಬಿನ ಕೆಳಗಿನ ಕಲ್ಲು ಸರಿಯಾಗಿದೆಯೇ ಎಂಬುದೆಲ್ಲ ಕಾಣುವುದು ನೀರು ಇಳಿದು ಅಂಗಳ ಬಿಚ್ಚಿಕೊಂಡಾಗಲೇ. ಯಾವ ಕಂಬದ ಪಕ್ಕ, ಯಾವ ಬಂಡೆಯ ಮೇಲೆ ನಿಂತು, ಯಾವ ಲೆನ್ಸಿನಲ್ಲಿ ತೆಗೆದೆವು ಎಂದು ಗೆಳೆಯ ಪೆಟ್ರೋಲ್ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಿದ್ದಾನೆ. ಅದೇ ಜಾಗಗಳಲ್ಲಿ ಅದೇ ಲೆನ್ಸಿನಲ್ಲಿ ತೆಗೆದು, ತುಂಬಿದಾಗಿನದನ್ನೂ ಬತ್ತಿದಾಗಿನದನ್ನೂ ಜೋಡಿಸಿ, ಆಯಾ ಊರಿನ ಪಂಚಾಯಿತಿಗೆ ಒಂದೊಂದು ಪ್ರತಿ ಕೊಟ್ಟು ಬರಬೇಕು. ಏಪ್ರಿಲ್ ಬಿಸಿಲಿಗೆ ಯೆಜ್ಡಿಯ ಟೈರು ತಾಳುವುದಿಲ್ಲವೆಂದು ಅವನು ಈಗಲೇ ಹೊಸ ಜೋಡಿ ಹುಡುಕುತ್ತಿದ್ದಾನೆ.